ಸಾಕುಪ್ರಾಣಿಗಳ ಲಾಗೋಡು

ಮನೆಯಲ್ಲಿ ಸಾಕಿದ ಪ್ರಾಣಿ-ಪಕ್ಷಿಗಳು ತಮ್ಮ ಹೊಟ್ಟೆಯ ಖರ್ಚನ್ನು ತಾವೇ ದುಡಿದುಕೊಳ್ಳಬೇಕೆಂಬ ಸಿದ್ಧಾಂತವು ಮನೆಗೆ ಮೊದಲನೆಯ ಪ್ರಾಣಿ ಬಂದಾಗ ಹುಟ್ಟುವುದಿಲ್ಲ. ಎರಡನೆಯದು ಬರುವ ಹೊತ್ತಿಗೆ ಹುಟ್ಟುತ್ತದೆ. ಮೊದಲನೆಯದನ್ನು ಮಕ್ಕಳ ಹಟಕ್ಕೋ, ಯಾರೋ ಬಿಟ್ಟುಹೋದರೆಂಬ ಕನಿಕರಕ್ಕೋ ತಂದಿರುತ್ತಾರಾದ್ದರಿಂದ ಅದಕ್ಕೆ ಸಮರ್ಥನೆ ಬೇಕಾಗುವುದಿಲ್ಲ. ಎರಡನೆಯದಕ್ಕೆ ಮಾತ್ರ ಅಡುಗೆಮನೆಯ ಒಪ್ಪಿಗೆ ಬೇಕು, ಆ ಒಪ್ಪಿಗೆಗೆ ಅರ್ಥಶಾಸ್ತ್ರದ ಆಸರೆ ಬೇಕು. ಗದಗ-ಬೆಟಗೇರಿ ಅವಳಿ ನಗರದಲ್ಲಿಯೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿಯೂ ಈ ಆಸರೆ ಬಹುತೇಕ ಒಂದೇ ಮಾತಿನ ರೂಪದಲ್ಲಿ ಪ್ರಕಟವಾಗುತ್ತದೆ: ‘ಜೋಡಿ ಇದ್ರ ಮರಿ ಆಗ್ತಾವ, ಮರಿ ಮಾರಿದ್ರ ಕಾಳಿನ ರೊಕ್ಕ ಅದರಾಗ ಬರ್ತದ.’ ಈ ಮಾತನ್ನು ಆಡುವವನು ಸಾಮಾನ್ಯವಾಗಿ ಮನೆಯ ಯಜಮಾನ. ಕೇಳುವವಳು ಉತ್ತರವಾಗಿ ಏನನ್ನೂ ಹೇಳದೆ ರೊಟ್ಟಿ ಬಡಿಯುವುದನ್ನು ತುಸು ಜೋರು ಮಾಡುತ್ತಾಳೆಂಬುದೂ, ಆ ಸದ್ದನ್ನೇ ಯಜಮಾನನು ಸಮ್ಮತಿಯೆಂದು ಬರೆದುಕೊಳ್ಳುತ್ತಾನೆಂಬುದೂ ಈ ಶಾಸ್ತ್ರದ ಆರಂಭದ ಸೂತ್ರಗಳು.

ಮುಂದಿನ ವಿವೇಚನೆಗೆ ಒಂದು ಪದವನ್ನು ಮೊದಲೇ ವಿವರಿಸಿಕೊಳ್ಳುವುದು ಲೇಸು. ಬೆಳೆಯೊಂದನ್ನು ತೆಗೆಯಲು ಬೀಜ, ಗೊಬ್ಬರ, ಎಣ್ಣೆ (ಇದು ಒಗ್ಗರಣೆಯದಲ್ಲ, ಹುಳಕ್ಕೆ ಹೊಡೆಯುವುದು), ಕಳೆ ತೆಗೆಯುವ ಆಳಿನ ಪಗಾರ, ಟ್ರ್ಯಾಕ್ಟರಿನ ಬಾಡಿಗೆ ಎಂದು ರೈತನು ಕೈಯಿಂದ ಹಾಕುವ ಒಟ್ಟು ಹಣಕ್ಕೆ ಈ ಭಾಗದಲ್ಲಿ ಲಾಗೋಡು ಎಂದು ಹೆಸರು. ಹೆಸರುಕಾಳು, ಶೇಂಗಾ, ಉಳ್ಳಾಗಡ್ಡಿ, ಒಣಮೆಣಸಿನಕಾಯಿ ಇವುಗಳಲ್ಲಿ ಯಾವುದಾದರೊಂದು ಮಾಲು ‘ಲಾಗೋಡ ಸುದ್ದಾ ಬರಲಿಲ್ಲ’ ಎಂಬ ಮಾತು ಗದಗದ ಎಪಿಎಂಸಿ ಅಂಗಳದಲ್ಲಿ ವರ್ಷ ತಪ್ಪದೆ ಕೇಳಿಬರುತ್ತದೆ. ಸಾವಿರಾರು ವರ್ಷಗಳಿಂದ ಪಳಗಿಸಿಕೊಂಡು ಬಂದ ಬೆಳೆಗಳೇ ಲಾಗೋಡು ಹುಟ್ಟಿಸದ ನೆಲದಲ್ಲಿ, ನಿನ್ನೆ ತಂದ ಮೊಲದ ಜೋಡಿ ಅದನ್ನು ಹುಟ್ಟಿಸೀತೆಂದು ನಂಬುವುದಕ್ಕೆ ವಿಶೇಷವಾದ ಧೈರ್ಯ ಬೇಕು. ಮುಂಗಾರನ್ನು ನಂಬಿ ಬದುಕಿದ ಜನರಲ್ಲಿ ಆ ಧೈರ್ಯ ಧಾರಾಳವಾಗಿದೆ.

ಹಿಂದಿನವರಿಗೆ ಈ ತೊಡಕು ಇರಲಿಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೇ ಶತಮಾನದ ಮೊದಲರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ತಲಾ 20 ಅಧ್ಯಾಯಗಳ ಐದು ವಿಂಶತಿಗಳಲ್ಲಿ, ಎಂದರೆ ಇಪ್ಪತ್ತರ ಕಟ್ಟುಗಳಲ್ಲಿ, ಹರಡಿಕೊಂಡ ಸಂಸ್ಕೃತ ವಿಶ್ವಕೋಶ. ಅರಸನ ವಿನೋದಗಳನ್ನು ಹೇಳುವ ಅದರ ನಾಲ್ಕನೆಯ ವಿಂಶತಿಯಲ್ಲಿ ಕೋಳಿ, ಲಾವುಗೆ, ಟಗರು, ಕೋಣ, ಪಾರಿವಾಳ, ನಾಯಿ, ಡೇಗೆ, ಮೀನು ಇವುಗಳಿಗೆಲ್ಲ ಪ್ರತ್ಯೇಕ ಅಧ್ಯಾಯಗಳಿವೆ. ಬೊಕ್ಕಸದ ವಿಚಾರವೂ ಗ್ರಂಥದಲ್ಲಿದೆ, ಆದರೆ ಅದು ಎರಡನೆಯ ವಿಂಶತಿಯಲ್ಲಿದೆ. ನಾಯಿಗೂ ಬೊಕ್ಕಸಕ್ಕೂ ನಡುವೆ ಇಷ್ಟು ಅಂತರವನ್ನು ಇಟ್ಟ ಆ ಅರಸನ ಸಂಪಾದನ ಕೌಶಲವನ್ನು ಮೆಚ್ಚಲೇಬೇಕು. ಒಂದೇ ಪುಟದಲ್ಲಿ ಎರಡನ್ನೂ ಬರೆದು ಕೂಡಿಸಿ ಕಳೆಯಲು ಹೋದದ್ದು ಮುಂದಿನ ಕಾಲದ ಮಧ್ಯಮವರ್ಗದ ಗೃಹಸ್ಥ. ಈ ಪ್ರಬಂಧದ ವಸ್ತುವಾಗಿ ಒದಗಿದವನೂ ಅವನೇ.

ಅಂಥ ಗೃಹಸ್ಥನು ಕೈಹಾಕುವ ಮೊದಲ ಉದ್ಯಮ ಸಾಮಾನ್ಯವಾಗಿ ಲವ್ ಬರ್ಡ್ಸ್. ಶಾಸ್ತ್ರದ ಪ್ರಕಾರ ಲವ್ ಬರ್ಡ್ ಎಂಬುದು ಆಫ್ರಿಕದ ಬೇರೊಂದು ಗಿಳಿಯಾಗಿದ್ದರೂ, ನಮ್ಮ ಊರುಗಳ ಪಂಜರದಲ್ಲಿ ಆ ಹೆಸರಿನಿಂದ ಕಿಚಗುಡುವುದು ಆಸ್ಟ್ರೇಲಿಯದ ಬಜರಿಗಾರ್. ಜಾನ್ ಗೂಲ್ಡ್ ಎಂಬ ಪಕ್ಷಿತಜ್ಞನು 1840ರಲ್ಲಿ ಅದನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದನೆಂದೂ ಅಲ್ಲಿಂದ ಅದು ಲೋಕದ ಪಡಸಾಲೆಗಳನ್ನೆಲ್ಲ ಹೊಕ್ಕಿತೆಂದೂ ಇತಿಹಾಸ ಹೇಳುತ್ತದೆ. ಹಕ್ಕಿಯ ಮೂಗಿನ ಸುತ್ತಲಿನ ತೊಗಲು ನೀಲಿಯಾಗಿದ್ದರೆ ಗಂಡು, ಕಂದಾಗಿದ್ದರೆ ಹೆಣ್ಣು; ಪಂಜರದ ಮೂಲೆಗೆ ಪಕ್ಕದಲ್ಲಿ ತೂತುಳ್ಳ ಮಣ್ಣಿನ ಮಗಿಯೊಂದನ್ನು ತೂಗುಹಾಕಿದರೆ ಹೆಣ್ಣು ಒಳಹೊಕ್ಕು ನಾಲ್ಕರಿಂದ ಆರು ತತ್ತಿ ಇಡುತ್ತದೆ; ಸುಮಾರು 18 ದಿನಕ್ಕೆ ಮರಿ ಒಡೆಯುತ್ತವೆ, ಮುಂದೆ ಐದು ವಾರಕ್ಕೆ ಮಗಿಯಿಂದ ಹೊರಬರುತ್ತವೆ. ಇಷ್ಟು ತಿಳಿದವನು ಒಂದು ಜೋಡಿಗೆ ವರ್ಷಕ್ಕೆ ಇಷ್ಟು ಮರಿ, ಆ ಮರಿಗಳ ಜೋಡಿಗಳಿಗೆ ಮುಂದಿನ ವರ್ಷಕ್ಕೆ ಅಷ್ಟು ಮರಿ ಎಂದು ಗುಣಿಸುತ್ತ ಹೋಗಿ, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದಲ್ಲದೆ ಕುಲಾವಿಯ ಅಂಗಡಿಯನ್ನೇ ತೆರೆಯಲು ಸಿದ್ಧನಾಗುತ್ತಾನೆ. ಈ ಗುಣಾಕಾರದಲ್ಲಿ ಹಕ್ಕಿಗಳೆಲ್ಲ ಸರಿಯಾಗಿ ಜೋಡಿಜೋಡಿಯಾಗಿಯೇ ಹುಟ್ಟುತ್ತವೆ, ಒಂದನ್ನೊಂದು ಮೆಚ್ಚುತ್ತವೆ, ಬೆಕ್ಕು ಎಂಬ ಪ್ರಾಣಿಯು ಸೃಷ್ಟಿಯಲ್ಲಿಯೇ ಇರುವುದಿಲ್ಲ.

ಹಕ್ಕಿಯ ಲಾಗೋಡಿನಲ್ಲಿ ದೊಡ್ಡ ಪಾಲು ನವಣೆಯದು. ಒಂದು ಕಾಲಕ್ಕೆ ಈ ಬಯಲುಸೀಮೆಯ ಬಡವರ ಅನ್ನವಾಗಿದ್ದ ನವಣೆಯು ನೆಲ್ಲಕ್ಕಿ ಬಂದ ಮೇಲೆ ತಟ್ಟೆಯಿಂದ ಇಳಿದು, ಬಹುಕಾಲ ಪಂಜರದ ಬಟ್ಟಲಿನಲ್ಲಿ ಮರ್ಯಾದೆ ಉಳಿಸಿಕೊಂಡಿತ್ತು. ಹಕ್ಕಿಗೆ ನವಣೆ ಕೊಳ್ಳುವುದೆಂದರೆ ಆಗ ಕಿರಾಣಿ ಅಂಗಡಿಯವನು ಚೀಲದ ತಳ ಬಳಿದು ಕೊಡುವ ಸರಕಾಗಿತ್ತು. ಆಮೇಲೆ ಸಿರಿಧಾನ್ಯಗಳ ಭಾಗ್ಯ ತೆರೆಯಿತು. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಸಕ್ಕರೆ ಕಾಯಿಲೆಯವರು, ತೂಕ ಇಳಿಸುವವರು, ಹಳೆಯದೇ ಒಳ್ಳೆಯದೆನ್ನುವವರು ಸಾಲುಗಟ್ಟಿದರು. ಪರಿಣಾಮವಾಗಿ ಮನೆಯ ಯಜಮಾನನು ಸೋವಿಯ ಪಡಿತರದ ಅಕ್ಕಿಯನ್ನು ಉಣ್ಣುತ್ತ, ವೈದ್ಯರು ತನಗೆ ಬರೆದುಕೊಟ್ಟ ಪಥ್ಯವನ್ನು ತನ್ನ ಹಕ್ಕಿಗಳು ಉಣ್ಣುವುದನ್ನು ನೋಡುವ ಸ್ಥಿತಿ ಒದಗಿತು. ಹಕ್ಕಿಗಳು ಹೊಟ್ಟು ಬಿಡಿಸದ ಇಡಿ ನವಣೆಯನ್ನು ತಾವೇ ಸುಲಿದು ತಿನ್ನುತ್ತವೆಂಬುದೂ, ಮನುಷ್ಯರಿಗೆ ಅದನ್ನು ಗಿರಣಿಯಲ್ಲಿ ಸುಲಿಸಬೇಕಾಗುತ್ತದೆಂಬುದೂ ಈ ಪಂಕ್ತಿಭೇದದಲ್ಲಿ ಹಕ್ಕಿಗಳ ಪರವಾಗಿ ಹೇಳಬಹುದಾದ ಮಾತು.

ಈ ಸುಲಿಯುವಿಕೆಯಿಂದಲೇ ಒಂದು ಅಪಾಯವೂ ಹುಟ್ಟುತ್ತದೆ. ಹಕ್ಕಿಯು ಕಾಳನ್ನು ಕೊಕ್ಕಿನಲ್ಲಿ ಹೊರಳಿಸಿ, ತಿರುಳನ್ನು ನುಂಗಿ, ಹೊಟ್ಟನ್ನು ಅಲ್ಲಿಯೇ ಬಟ್ಟಲಿಗೆ ಬಿಡುತ್ತದೆ. ಹೊಟ್ಟಿನ ಬಣ್ಣವೂ ಆಕಾರವೂ ಕಾಳಿನಂತೆಯೇ ಇರುವುದರಿಂದ, ಸಂಜೆಯ ಹೊತ್ತಿಗೆ ಒಂದು ಕಾಳೂ ಉಳಿಯದ ಬಟ್ಟಲು ತುಂಬಿತುಳುಕುವಂತೆ ಕಾಣುತ್ತದೆ. ಹೊಸಬನು ಅದನ್ನು ನೋಡಿ ‘ಇನ್ನೂ ಅದಾವ ಬಿಡು’ ಎಂದುಕೊಂಡು ಮಲಗುತ್ತಾನೆ, ಹಕ್ಕಿಗಳು ಉಪವಾಸ ಬೀಳುತ್ತವೆ. ಅನುಭವಿಯಾದವನು ಬಟ್ಟಲನ್ನು ಬಾಯ ಹತ್ತಿರ ಹಿಡಿದು ಒಮ್ಮೆ ಊದುತ್ತಾನೆ. ಹೊಟ್ಟು ಹಾರಿಹೋಗಿ ತಳ ಕಾಣುತ್ತದೆ. ಹವ್ಯಾಸದಿಂದ ಆದಾಯ ತೆಗೆಯುವ ಮನೆಗಳ ಲೆಕ್ಕದ ಪುಸ್ತಕವೂ ಇಂಥದೇ ಬಟ್ಟಲು. ಅದನ್ನು ಊದುವವರು ಬೇಕು ಅಷ್ಟೆ. ಊದಿದ ಹೊಟ್ಟು ಎಲ್ಲಿ ಹೋಗುತ್ತದೆಂಬ ಪ್ರಶ್ನೆಗೆ ಬೆಟಗೇರಿಯ ನೇಕಾರರ ಓಣಿಯಲ್ಲಿ ಬಲು ಖಚಿತವಾದ ಉತ್ತರವಿದೆ: ಮಗ್ಗದ ಹಾಸಿನ ಮೇಲೆ. ಮಗ್ಗವಿರುವ ಮನೆಯಲ್ಲಿ ಪಂಜರವನ್ನು ಎಲ್ಲಿ ತೂಗುಹಾಕಬೇಕೆಂಬುದು ಗಂಡಹೆಂಡಿರ ನಡುವಿನ ಮಾತಾಗಿ ಉಳಿಯದೆ ಕೈಗಾರಿಕಾ ವಿವಾದವಾಗುವುದು ಈ ಕಾರಣದಿಂದ.

ಇಷ್ಟೆಲ್ಲ ದಾಟಿ ಮರಿಗಳು ಬಂದವೆನ್ನೋಣ. ಅವನ್ನು ಕೊಳ್ಳುವವರು ಯಾರು? ಒಂದು, ಹಕ್ಕಿಯ ಅಂಗಡಿಯವನು. ಅವನು ಮಾರುವ ದರಕ್ಕೂ ಕೊಳ್ಳುವ ದರಕ್ಕೂ ನಡುವಿನ ಅಂತರವನ್ನು ಮೊದಲ ಮರಿಯನ್ನು ಒಯ್ದ ದಿನ ಗೃಹಸ್ಥನು ಅರಿಯುತ್ತಾನೆ, ಮತ್ತು ಪ್ರತಿಯಾಗಿ ಸಿಕ್ಕುವುದು ಬಹುಮಟ್ಟಿಗೆ ರೊಕ್ಕವಲ್ಲ, ಕಾಳು. ಎರಡು, ತಾನೂ ಜೋಡಿ ಇಟ್ಟು ಮರಿ ಮಾಡಿಸಿ ಲಾಗೋಡು ಹುಟ್ಟಿಸಬೇಕೆಂದಿರುವ ಇನ್ನೊಬ್ಬ ಗೃಹಸ್ಥ. ಈ ಎರಡನೆಯವನು ಆರು ತಿಂಗಳಲ್ಲಿ ಗಿರಾಕಿಯ ಪದವಿಯಿಂದ ಪ್ರತಿಸ್ಪರ್ಧಿಯ ಪದವಿಗೆ ಏರಿ, ಅದೇ ಓಣಿಯಲ್ಲಿ ಅದೇ ಮರಿಗಳನ್ನು ಹತ್ತು ರೂಪಾಯಿ ಕಡಿಮೆಗೆ ಕೊಡತೊಡಗುತ್ತಾನೆ. ಹವ್ಯಾಸದ ಮಾರುಕಟ್ಟೆಯಲ್ಲಿ ಹಕ್ಕಿ ಬೇಕಾದವರು ಕಡಿಮೆ, ಹಕ್ಕಿ ಮಾರಬೇಕಾದವರು ಹೆಚ್ಚು. ಕೊಂಡವರೆಲ್ಲರೂ ಮಾರುವವರಾಗುವ ಈ ವ್ಯವಸ್ಥೆಯನ್ನು ದೊಡ್ಡ ಪ್ರಮಾಣದಲ್ಲಿ ನೋಡಬಯಸುವವರು ತಮಿಳುನಾಡಿನ ಪೆರುಂದುರೈ ಸುತ್ತಮುತ್ತ 2012ರಲ್ಲಿ ಕುಸಿದುಬಿದ್ದ ಎಮು ಸಾಕಣೆಯ ಕಥೆಯನ್ನು ಗಮನಿಸಬಹುದು. ಅಲ್ಲಿ ಎಮು ಹಕ್ಕಿಯನ್ನು ತಿನ್ನುವವರಿಗಿಂತ ಎಮು ಮರಿಯನ್ನು ಕೊಳ್ಳುವವರೇ ಹೆಚ್ಚಿದ್ದರು.

ಗಪ್ಪಿ ಮೀನಿನ ವಿಷಯವನ್ನು ಬೇಗ ಮುಗಿಸಬಹುದು, ಏಕೆಂದರೆ ಅದು ತಾನೇ ಬೇಗ ಮುಗಿಯುತ್ತದೆ. ತತ್ತಿಯ ಗೊಡವೆಯಿಲ್ಲದೆ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿಯನ್ನೇ ಹಾಕುವ ಈ ಮೀನು ಲೆಕ್ಕದ ದೃಷ್ಟಿಯಿಂದ ಆದರ್ಶಪ್ರಾಯವಾಗಿದ್ದರೂ, ಹಾಕಿದ ಮರಿಗಳನ್ನು ತಾನೇ ತಿನ್ನುವ ಅಭ್ಯಾಸ ಅದಕ್ಕಿದೆ. ಬಂಡವಾಳವೇ ಲಾಭವನ್ನು ನುಂಗುವುದಕ್ಕೆ ಇಷ್ಟು ನೇರವಾದ ನಿದರ್ಶನ ವಾಣಿಜ್ಯಶಾಸ್ತ್ರದ ಪಠ್ಯಗಳಲ್ಲಿಯೂ ಸಿಗದು. ತಿಂದುಳಿದವನ್ನು ಮಾರಲು ಹೋದರೆ ಅಲ್ಲಿ ಸರ್ಕಾರವೇ ಎದುರಾಳಿ. ಸೊಳ್ಳೆಯ ಮರಿಹುಳಗಳನ್ನು ತಿನ್ನುತ್ತವೆಂಬ ಕಾರಣಕ್ಕೆ ಗಪ್ಪಿ, ಗ್ಯಾಂಬೂಸಿಯಾ ಮೀನುಗಳನ್ನು ಆರೋಗ್ಯ ಇಲಾಖೆಯು ಲಾರ್ವಾಹಾರಿ ಮೀನುಗಳೆಂಬ ಗಂಭೀರ ಹೆಸರಿನಲ್ಲಿ ಸಾಕಿ ಕೆರೆ-ಬಾವಿಗಳಿಗೆ ಪುಕ್ಕಟೆ ಬಿಡುತ್ತದೆ. ಮೊಲದ ಕಥೆಯೂ ಹೀಗೆಯೇ: 31 ದಿನಕ್ಕೆ ಮರಿ, ಮರಿಗೆ ಮಣ್ಣುಗೂಡಿದ ಮಾರುಕಟ್ಟೆ, ಉಳಿಯುವುದು ಹಿಕ್ಕೆ. ಹಿಕ್ಕೆಯು ಒಳ್ಳೆಯ ಗೊಬ್ಬರವೆಂಬುದು ನಿಜವಾದರೂ ಆ ಗೊಬ್ಬರವನ್ನು ಬಳಸಲು ಹೂದೋಟ ಬೇಕಾಗಿ, ಹೂದೋಟವೆಂಬ ಎರಡನೆಯ ಹವ್ಯಾಸಕ್ಕೆ ಲಾಗೋಡು ಆರಂಭವಾಗುತ್ತದೆ. ಪಾರಿವಾಳಕ್ಕೆ ಮಾತ್ರ ಒಂದು ವಿಲಕ್ಷಣ ಗುಣವಿದೆ. ಮಾರಿದ ಪಾರಿವಾಳವು ಹೊಸ ಯಜಮಾನನ ಮಾಳಿಗೆಯಿಂದ ಹಾರಿ ಹಳೆಯ ಗೂಡಿಗೇ ಮರಳುವುದರಿಂದ ಒಂದೇ ಹಕ್ಕಿಯನ್ನು ಹಲವು ಸಲ ಮಾರಬಹುದೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಮುಂಡರಗಿಯಂಥ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರಾದ್ದರಿಂದ ಹಕ್ಕಿಯ ಹಿಂದೆಯೇ ಗಿರಾಕಿಯೂ ಸೈಕಲ್ ಮೇಲೆ ಬರುತ್ತಾನೆ.

ಇನ್ನು ನಾಯಿಯ ವಿಚಾರ. ಗದಗಿನ ಬೇಸಿಗೆಯಲ್ಲಿ ಹಸ್ಕಿ ಎಂಬ ಹಿಮಪ್ರದೇಶದ ನಾಯಿಯನ್ನು ತಂದು, ಅದಕ್ಕೆ ಕೂಲರ್ ಹಚ್ಚಿ, ಮನೆಮಂದಿಯೆಲ್ಲ ಕೂಲರಿನ ಗಾಳಿಗಾಗಿ ನಾಯಿಯ ಪಕ್ಕ ಮಲಗುವ ಪ್ರಯೋಗಗಳನ್ನು ಬದಿಗಿಟ್ಟರೆ, ಲಾಭದ ದೃಷ್ಟಿಯಿಂದ ಇಲ್ಲಿನವರ ಕಣ್ಣು ಬೀಳುವುದು ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಮೇಲೆ. ಉದ್ದ ಮುಖ, ಸಣ್ಣ ನಡು, ಬಾಣದಂಥ ಓಟದ ಈ ತಳಿಯನ್ನು ಮುಧೋಳದ ಘೋರ್ಪಡೆ ಅರಸರು ಪೋಷಿಸಿ ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೂ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆಯು ಅದರ ಚಿತ್ರದ ಅಂಚೆಚೀಟಿ ತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ. ಭಾರತೀಯ ಸೇನೆಯೂ ಅದನ್ನು ತರಬೇತಿಗೆ ತೆಗೆದುಕೊಂಡಿತು. 2020ರ ಆಗಸ್ಟಿನ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯ ಬಾಯಲ್ಲಿ ಅದರ ಹೆಸರು ಬಂದ ಮೇಲಂತೂ ಕೇಳುವವರು ಹೆಚ್ಚಿದರು. ಮುಧೋಳದ ಸುತ್ತ ಈ ನಾಯಿಯನ್ನು ಸಾಕಿ ಮರಿ ಮಾರಿಯೇ ಸಂಸಾರ ನಡೆಸುವ ಕುಟುಂಬಗಳಿವೆಯೆಂಬುದು ಸುಳ್ಳಲ್ಲ. ಅವರಿಗೆ ಸಾಧ್ಯವಾದದ್ದು ಲಕ್ಷ್ಮೇಶ್ವರದಲ್ಲೇಕೆ ಸಾಧ್ಯವಾಗದು ಎಂಬುದು ಗೃಹಸ್ಥನ ವಾದ.

ಸಾಧ್ಯವಾಗದಿರುವುದಕ್ಕೆ ಕಾರಣಗಳು ಇತಿಹಾಸದಲ್ಲಿಯೂ ಇವೆ, ಪಡಸಾಲೆಯಲ್ಲಿಯೂ ಇವೆ. ಇದು ಸಂಸ್ಥಾನದ ಬೊಕ್ಕಸವನ್ನು ತಿಂದು ಬೆಳೆದ ನಾಯಿ. ಸ್ವಾತಂತ್ರ್ಯಕ್ಕೆ ಮುಂಚೆ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಮುಧೋಳವೂ ಸೇರಿದಂತೆ ಆ ಸಂಸ್ಥಾನಗಳೆಲ್ಲ 1948ರಲ್ಲಿ ವಿಲೀನವಾದರೂ ನಾಯಿಯ ಹಸಿವು ವಿಲೀನವಾಗಲಿಲ್ಲ. ಮೇಲಾಗಿ ಇದು ವಾಸನೆ ಹಿಡಿದಲ್ಲ, ಕಣ್ಣಿನಿಂದ ಕಂಡು ಬೇಟೆಯಾಡುವ ನಾಯಿ. ಓಡುವ ವಸ್ತು ಕಣ್ಣಿಗೆ ಬಿದ್ದರೆ ಹಿಂದೆ ಓಡುವುದು ಅದರ ಧರ್ಮ, ಮತ್ತು ಶಿರಹಟ್ಟಿಯ ಓಣಿಗಳಲ್ಲಿ ಓಡುವ ವಸ್ತುಗಳ ಪೈಕಿ ಮೊದಲನೆಯದು ನೆರೆಮನೆಯ ಜವಾರಿ ಕೋಳಿ. ಇಲ್ಲಿ ಅರ್ಥಶಾಸ್ತ್ರದ ಇನ್ನೊಂದು ಪದವನ್ನು ವಿವರಿಸಬೇಕಾಗುತ್ತದೆ. ಒಂದು ವಸ್ತುವು ಬೇರೆ ರೀತಿಯಲ್ಲಿ ಬಳಕೆಯಾಗಿದ್ದರೆ ತರಬಹುದಾಗಿದ್ದ ಆದಾಯವು ಕೈತಪ್ಪುವುದಕ್ಕೆ ಪಂಡಿತರು ಅವಕಾಶ ವೆಚ್ಚವೆನ್ನುತ್ತಾರೆ. ನೆರೆಮನೆಯಾಕೆಯು ಈ ಪರಿಭಾಷೆಯನ್ನು ಕಲಿತವಳಲ್ಲ. ಆದರೂ ಸತ್ತ ಕೋಳಿಯನ್ನು ಕಾಲು ಹಿಡಿದು ತಂದು ಅಂಗಳದಲ್ಲಿ ನಿಂತು ಅದರ ಬೆಲೆಯನ್ನು ಹೇಳುವಾಗ, ಅದು ಮುಂದೆ ಇಡಲಿದ್ದ ತತ್ತಿಗಳನ್ನೂ, ಆ ತತ್ತಿಗಳಿಂದ ಆಗಲಿದ್ದ ಪಿಳ್ಳೆಗಳನ್ನೂ, ಜವಾರಿ ತತ್ತಿಗೆ ಫಾರಂ ತತ್ತಿಗಿಂತ ಹೆಚ್ಚಿರುವ ದರವನ್ನೂ ಒಂದೂ ಬಿಡದೆ ಕೂಡಿಸುತ್ತಾಳೆ. ಯಜಮಾನನು ಲವ್ ಬರ್ಡ್ಸ್ ವಿಷಯದಲ್ಲಿ ಮಾಡಿದ್ದ ಗುಣಾಕಾರವೇ ಇದು. ಈ ಸಲ ಮಾತ್ರ ಮೊತ್ತವು ನಗದಾಗಿ, ಸ್ಥಳದಲ್ಲಿಯೇ ಪಾವತಿಯಾಗುತ್ತದೆ.

ಹೆಣ್ಣುನಾಯಿಯು ಗರ್ಭ ಧರಿಸಿ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಮಾರುವ ಉದ್ದೇಶದಿಂದ ನಾಯಿ ಬೆಳೆಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದೂ, ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದೂ 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಮರಿಗಳ ಹಿತಕ್ಕಾಗಿ ಮಾಡಿದ ಈ ಎಂಟು ವಾರಗಳ ನಿಯಮವು ಸರಿಯಾದದ್ದೇ. ಆದರೆ ಮನೆಯ ವ್ಯಾಪಾರವನ್ನು ಮುಳುಗಿಸುವುದೂ ಅದೇ. ಎಂಟು ವಾರದಲ್ಲಿ ಮಕ್ಕಳು ಪ್ರತಿ ಮರಿಗೂ ಹೆಸರಿಡುತ್ತಾರೆ. ಹೆಸರಿಲ್ಲದ ಮರಿ ಸರಕು. ಹೆಸರಿಟ್ಟ ಮರಿ ಬಳಗ. ಹೆಸರಿಟ್ಟ ದಿನದಿಂದ ಮರಿಯ ಬೆಲೆಯು ಮಾರುವವನ ದೃಷ್ಟಿಯಲ್ಲಿ ಏರುತ್ತ, ಕೊಳ್ಳುವವನ ದೃಷ್ಟಿಯಲ್ಲಿ ಇದ್ದಲ್ಲಿಯೇ ಇದ್ದು, ಎರಡೂ ಎಂದೂ ಸಂಧಿಸುವುದಿಲ್ಲ. ಕೊನೆಗೆ ಮರಿಗಳ ವಿತರಣೆ ಹೀಗೆ ನಡೆಯುತ್ತದೆ: ಒಂದು ತಂಗಿಯ ಮನೆಗೆ, ಅಲ್ಲಿ ರೊಕ್ಕ ಕೇಳುವುದು ಮರ್ಯಾದೆಯಲ್ಲ, ಒಂದು ಕಚೇರಿಯ ಸಾಹೇಬರಿಗೆ, ಅಲ್ಲಿ ರೊಕ್ಕ ಕೇಳುವುದು ಜಾಣತನವಲ್ಲ, ಒಂದು ಗಂಡುನಾಯಿಯ ಯಜಮಾನನಿಗೆ, ಅದು ಕರಾರಿನ ಪ್ರಕಾರ, ಒಂದು ಉದ್ರಿಯ ಮೇಲೆ, ಉಳಿದ ಎರಡು ‘ಮನೀಗೆ ಇರ್ಲಿ ಬಿಡ್ರಿ’ ಎಂಬ ಸರ್ವಾನುಮತದ ಠರಾವಿನ ಮೇಲೆ ಮನೆಯಲ್ಲಿಯೇ. ಒಂದು ನಾಯಿಯ ಖರ್ಚನ್ನು ತೂಗಿಸಲು ಕೈಗೊಂಡ ಯೋಜನೆಯು ಮೂರು ನಾಯಿಗಳ ಖರ್ಚಿನಲ್ಲಿ ಸಮಾಪ್ತವಾಗುವುದು ಈ ಕ್ರಮದಿಂದ. ಮುಧೋಳದ ಸಾಕಣೆಗಾರರು ಗೆದ್ದದ್ದು ಅವರು ನಾಯಿಗಳನ್ನು ಕಡಿಮೆ ಪ್ರೀತಿಸುವುದರಿಂದಲ್ಲ. ಅವರದು ಕಸುಬು, ಇವರದು ಹವ್ಯಾಸ, ಮತ್ತು ಕಸುಬಿನ ಮನೆಯಲ್ಲಿ ಮರಿ ಹುಟ್ಟುವ ಮೊದಲೇ ಅದನ್ನು ಕೊಳ್ಳುವವನ ಹೆಸರು ಗೊತ್ತಿರುತ್ತದೆ.

ಹೆಸರು ಬೆಲೆಯನ್ನು ಕೊಲ್ಲುತ್ತದೆಂಬ ಈ ನಿಯಮಕ್ಕೆ ಒಂದು ಅಪವಾದವನ್ನು ಪ್ರಾಮಾಣಿಕವಾಗಿ ದಾಖಲಿಸಬೇಕು. ಲಕ್ಷ್ಮೇಶ್ವರದಿಂದ ಎಲ್ಲೆ ದಾಟಿದರೆ ಸಿಗುವ ಹಾವೇರಿ ಜಿಲ್ಲೆಯಲ್ಲಿ ದೀಪಾವಳಿಯಿಂದ ಆರಂಭವಾಗಿ ತಿಂಗಳುಗಟ್ಟಲೆ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ, ಕೊರಳ ತುಂಬ ಒಣಕೊಬ್ಬರಿಯ ಹಾರ ಹೊತ್ತು ಓಡುವ ಕೊಬ್ಬರಿ ಹೋರಿಗಳಿಗೆ ಸಿನಿಮಾ ನಾಯಕರಿಗಿರುವಂಥ ಹೆಸರುಗಳಿರುತ್ತವೆ, ಅಭಿಮಾನಿಗಳ ಸಂಘಗಳಿರುತ್ತವೆ, ಹೆಸರು ಬೆಳೆದಂತೆ ಹೋರಿಯ ಬೆಲೆಯೂ ಲಕ್ಷಗಳಲ್ಲಿ ಬೆಳೆಯುತ್ತದೆ. ಓಡಿ ಗೆದ್ದ ಹೋರಿಯು ಬೈಕು, ಫ್ರಿಜ್, ಬಂಗಾರದ ಉಂಗುರಗಳನ್ನು ತರುವುದೂ ಉಂಟು. ಇದೊಂದಾದರೂ ತನ್ನ ಲಾಗೋಡನ್ನು ತಾನು ಹುಟ್ಟಿಸುವ ಪ್ರಾಣಿಯೆಂದು ಹಿಗ್ಗುವ ಮುನ್ನ, ಬಹುಮಾನದ ಬೈಕಿಗೆದುರಾಗಿ ಹಿಂಡಿ, ಹುರುಳಿ, ತತ್ತಿ, ಹಾಲು, ಹೋರಿಯನ್ನು ಸ್ಪರ್ಧೆಗೆ ಒಯ್ಯುವ ವಾಹನದ ಬಾಡಿಗೆ, ಅದರ ಹಿಂದೆ ಹೋಗುವ ಅಭಿಮಾನಿಗಳ ಊಟ ಇವುಗಳನ್ನು ಬರೆಯಬೇಕು. ಗೆದ್ದ ಹೋರಿಯನ್ನು ಮಾರಿದರೆ ಲಾಭವಿದೆ. ಆದರೆ ಗೆದ್ದ ಹೋರಿಯನ್ನು ಯಾರು ಮಾರುತ್ತಾರೆ? ಅದು ಮುದಿಯಾದ ಮೇಲೆ ಅದರ ಹುಟ್ಟುಹಬ್ಬ ಮಾಡುತ್ತಾರೆ, ಸತ್ತ ಮೇಲೆ ಊರೆಲ್ಲ ಮೆರವಣಿಗೆ ಮಾಡಿ ಮಣ್ಣು ಕೊಡುತ್ತಾರೆ. ಇವೆಲ್ಲ ಖರ್ಚಿನ ಬಾಬುಗಳೇ.

ತನ್ನ ಅನ್ನವನ್ನು ತಾನೇ ದುಡಿಯುತ್ತಿದ್ದ ಸಾಕುಪ್ರಾಣಿಯೆಂದು ನಿಸ್ಸಂದೇಹವಾಗಿ ಹೇಳಬಹುದಾದದ್ದು ಗಿಳಿಶಾಸ್ತ್ರದವನ ಗಿಳಿ. ಬಸ್ ನಿಲ್ದಾಣದ ಮರದ ನೆರಳಲ್ಲಿ ಪಂಜರದಿಂದ ಹೊರಬಂದು, ಸಾಲಾಗಿಟ್ಟ ಕಾರ್ಡುಗಳಲ್ಲಿ ಒಂದನ್ನು ಕೊಕ್ಕಿನಿಂದ ಎಳೆದು, ಒಂದು ಕಾಳನ್ನು ಪಗಾರವಾಗಿ ಪಡೆದು ತಿರುಗಿ ಪಂಜರ ಸೇರುತ್ತಿದ್ದ ಅದು ಯಜಮಾನನ ಸಂಸಾರವನ್ನೂ ನಡೆಸುತ್ತಿತ್ತು. ಆದರೆ ನಮ್ಮ ಕಾಡಿನ ಗಿಳಿಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿದ್ದು, ಅವನ್ನು ಹಿಡಿದಿಡುವುದೂ ಮಾರುವುದೂ ಅಪರಾಧ. ನ್ಯಾಯವಾಗಿ ನೋಡಿದರೆ ಆ ಕಾಯಿದೆಯೇ ಸರಿ. ನಕ್ಷತ್ರ ಆಮೆಯನ್ನು ತೊಟ್ಟಿಯಲ್ಲಿಟ್ಟರೆ ಅದೃಷ್ಟ ಖುಲಾಯಿಸುತ್ತದೆಂದು ನಂಬಿದವರಿಗೂ ಇದೇ ಕಾಯಿದೆಯಡಿ ಬೇರೊಂದು ರೀತಿಯ ಅದೃಷ್ಟ ಕಾದಿರುತ್ತದೆ.

ಉಳಿದದ್ದು ಆಡು ಮತ್ತು ಜವಾರಿ ಕೋಳಿ. ಇವು ನಿಜವಾಗಿಯೂ ಲಾಗೋಡು ಹುಟ್ಟಿಸಿ ಮೇಲೆ ನಾಲ್ಕು ಕಾಸು ಉಳಿಸುತ್ತವೆ. ಕಪ್ಪತಗುಡ್ಡದ ಬುಡದ ಹಳ್ಳಿಗಳಲ್ಲಿ ಎರಡು ಆಡು, ಹತ್ತು ಕೋಳಿಗಳಿಂದ ಮಕ್ಕಳ ಶಾಲೆಯ ಖರ್ಚನ್ನು ತೂಗಿಸುವ ಹೆಂಗಸರಿದ್ದಾರೆ. ಅವರು ಇದನ್ನು ಹವ್ಯಾಸವೆಂದು ಕರೆಯುವುದಿಲ್ಲ, ಕರೆದರೆ ಬೈಯುತ್ತಾರೆ. ಪೇಟೆಯ ಗೃಹಸ್ಥನು ಅವರನ್ನು ನೋಡಿ ಆಡು ತಂದರೆ ಆಗುವುದೇ ಬೇರೆ: ಮೇವು ಕೊಂಡು ಹಾಕಬೇಕಾಗುತ್ತದೆ, ಮನೆಯ ಹುಡುಗಿ ಅದಕ್ಕೆ ಹೆಸರಿಟ್ಟು ಹಣೆಗೆ ಕುಂಕುಮ ಹಚ್ಚುತ್ತಾಳೆ, ಜಾತ್ರೆಯ ಹೊತ್ತಿಗೆ ಗಿರಾಕಿ ಹಗ್ಗ ಹಿಡಿದು ಬಂದಾಗ ಮನೆಯಲ್ಲಿ ಎರಡು ದಿನ ಒಲೆ ಹೊತ್ತುವುದಿಲ್ಲ. ಅಲ್ಲಿಗೆ ಆಡು ಬಳಗ ಸೇರಿತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆಂದವನ ಕಥೆಯನ್ನು ನಗುತ್ತ ಹೇಳುವ ಜನರೇ, ಆಡು ಲಾಭ ಕೊಟ್ಟಿತೆಂದು ಯಾರೋ ಹೇಳಿದರೆ ತಮ್ಮ ಪಡಸಾಲೆಯಲ್ಲಿ ಗೂಟ ಹೊಡೆಯುತ್ತಾರೆ.

ಒಬ್ಬನಿಂದಾಗದ್ದು ಹತ್ತು ಜನ ಕೂಡಿದರೆ ಆದೀತು ಎಂಬ ವಾದಕ್ಕೆ ಈ ಜಿಲ್ಲೆಯಲ್ಲಿ ಸದಾ ಬೆಲೆಯಿದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿ ನಾಡಿನ ಸಹಕಾರಿ ಚಳವಳಿಗೆ ಬುನಾದಿ ಹಾಕಿದ ನೆಲವಿದು. ಹಾಗಿರುವಾಗ ಲವ್ ಬರ್ಡ್ಸ್ ಸಾಕುವವರೆಲ್ಲ ಸೇರಿ ನವಣೆಯನ್ನು ಕ್ವಿಂಟಲ್ ಲೆಕ್ಕದಲ್ಲಿ ಕೊಂಡು ಹಂಚಿಕೊಂಡರೆ ಲಾಗೋಡಾದರೂ ಇಳಿಯುವುದಲ್ಲವೆ? ಇಳಿಯುತ್ತದೆ. ಸಾಕುವವರ ಮನೋಧರ್ಮವನ್ನು ಬಲ್ಲವರು ಮಾತ್ರ, ಉಳಿದ ಹಣದಲ್ಲಿ ಇನ್ನೊಂದು ಪಂಜರ ಬರುತ್ತದೆಂಬುದನ್ನೂ ಸೇರಿಸಿ ಹೇಳುತ್ತಾರೆ.

ಖರ್ಚಿಲ್ಲದ ಹವ್ಯಾಸವೇ ಬೇಕೆನ್ನುವವರಿಗೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಇದೆ. ಹಿಮಾಲಯವನ್ನು ಹಾರಿ ದಾಟುವ ಪಟ್ಟೆತಲೆ ಹೆಬ್ಬಾತುಗಳು ಪ್ರತಿ ಚಳಿಗಾಲದಲ್ಲಿ ಸಾವಿರಗಟ್ಟಲೆ ಬಂದು ಇಲ್ಲಿ ಬೀಡುಬಿಡುತ್ತವೆ; ಈ ಸಂರಕ್ಷಣಾ ಮೀಸಲು ಪ್ರದೇಶವು 2024ರ ಆರಂಭದಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಹಗಲೆಲ್ಲ ನೀರಿನ ಮೇಲೆ ತೇಲುವ ಈ ಹಕ್ಕಿಗಳಿಗೆ ಪಂಜರ ಬೇಡ, ಮಗಿ ಬೇಡ, ಬಟ್ಟಲು ಊದುವುದು ಬೇಡ. ಬೇಸಿಗೆ ಹತ್ತಿರವಾದೊಡನೆ ತಾವಾಗಿಯೇ ಹೊರಟುಹೋಗುತ್ತವೆ. ಮೇವಿನ ಖರ್ಚೂ ಇಲ್ಲವೆಂದು ನೋಡುಗರು ಹೇಳುವರಾದರೂ, ಕತ್ತಲಲ್ಲಿ ಅವು ಸುತ್ತಲಿನ ಹೊಲಗಳಿಗೆ ಇಳಿದು ಶೇಂಗಾ, ಕಡಲೆಗಳನ್ನು ಮೇಯುವುದನ್ನು ಬಲ್ಲ ಮಾಗಡಿಯ ರೈತನು ಆ ಖರ್ಚು ಯಾರ ಲೆಕ್ಕಕ್ಕೆ ಬಿತ್ತೆಂಬುದನ್ನು ಹೇಳಬಲ್ಲ. ಅವನು ಅವನ್ನು ಓಡಿಸುವುದಿಲ್ಲವೆಂಬುದು ಆ ಸೀಮೆಯ ದೊಡ್ಡತನ.

ಕೊನೆಯದಾಗಿ, ಪ್ರಾಣಿ ಸಾಕಣೆಯಲ್ಲಿ ಪಳಗಿದ ಸಂಸ್ಥೆಯೊಂದು ಈ ಪ್ರಶ್ನೆಯನ್ನು ಹೇಗೆ ಬಗೆಹರಿಸಿಕೊಂಡಿದೆಯೆಂದು ನೋಡುವುದು ಉಪಯುಕ್ತ. ಗದಗದಿಂದ ಹುಬ್ಬಳ್ಳಿಯ ದಾರಿಯಲ್ಲಿರುವ ಬಿಂಕದಕಟ್ಟಿ ಮೃಗಾಲಯವು ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೆ ಸೇರಿದ್ದು. ಟಿಕೆಟು ಹಚ್ಚಿ, ಜನರನ್ನು ಕರೆದು, ಹುಲಿಯಂಥ ಹುಲಿಯನ್ನು ತೋರಿಸಿದರೂ ಮೇವು-ಮಾಂಸದ ಖರ್ಚು ಅದರಿಂದಲೇ ಹುಟ್ಟೀತೆಂದು ಪ್ರಾಧಿಕಾರವು ಎಂದೂ ನಂಬಿಕೊಂಡು ಕೂತಿಲ್ಲ. ತನ್ನ ಮೃಗಾಲಯಗಳ ಪ್ರಾಣಿಗಳನ್ನು ದತ್ತು ಕೊಡುವ ಯೋಜನೆಯನ್ನು ಅದು ನಡೆಸುತ್ತದೆ, 2021ರಲ್ಲಿ ಕೋವಿಡ್‌ನಿಂದಾಗಿ ಬಾಗಿಲು ಮುಚ್ಚಿ ಟಿಕೆಟಿನ ಆದಾಯ ನಿಂತಾಗ ಚಿತ್ರನಟರೊಬ್ಬರ ಮನವಿಯ ಮೇಲೆ ಸಾವಿರಾರು ಜನ ಅದಕ್ಕೆ ಹಣ ಕಟ್ಟಿದರು. ದತ್ತು ಎಂದರೆ ಒಂದು ಪ್ರಾಣಿಯ ನಿಗದಿತ ಅವಧಿಯ ಆಹಾರದ ವೆಚ್ಚವನ್ನು ಕಟ್ಟುವುದು. ಸಣ್ಣ ಹಕ್ಕಿಗೆ ಕಡಿಮೆ, ಆನೆಗೆ ಲಕ್ಷದ ಮಾತು. ಕಟ್ಟಿದವರಿಗೆ ಪ್ರಮಾಣಪತ್ರ ಸಿಗುತ್ತದೆ. ಪ್ರಾಣಿಯನ್ನು ಮನೆಗೆ ಒಯ್ಯಲು ಅವಕಾಶವಿಲ್ಲ, ಅದು ಮರಿ ಹಾಕಿದರೆ ಮಾರುವ ಹೊಣೆ ದತ್ತು ಪಡೆದವರದಲ್ಲ, ಅದರಿಂದ ನೆರೆಮನೆಯ ಕೋಳಿಗೆ ಅಪಾಯವೂ ಇಲ್ಲ. ಮೇಲೆ ವಿವರಿಸಿದ ಉದ್ಯಮಗಳಲ್ಲಿ ಖರ್ಚಿನ ಮೊತ್ತ ವರ್ಷದ ಆರಂಭದಲ್ಲಿಯೇ ಗೊತ್ತಿರುವುದು ಇದೊಂದರಲ್ಲಿ ಮಾತ್ರ. ಕಟ್ಟಿದ ಹಣಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಉಂಟು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಅದೂ ಸಿಗುವುದಿಲ್ಲ.